ಕರಿ ಕವರು

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮಟನ್ ಅಂಗಡಿಯಿದೆ. ಅದರ ಪಕ್ಕದಲ್ಲೇ ತರಕಾರಿ ಅಂಗಡಿ, ಆಚೆಗೆ ದಿನಸಿ ಅಂಗಡಿ. ತರಕಾರಿಯವನು ಯಾವ ಬಣ್ಣದ ಚೀಲ ಕೈಗೆ ಸಿಕ್ಕರೆ ಅದರಲ್ಲಿ ಬದನೆಕಾಯಿ ಹಾಕಿಕೊಡುತ್ತಾನೆ. ಮಟನ್ ಅಂಗಡಿಯ ಭಾಯ್ ಮಾತ್ರ ಕರಿ ಕವರಿನಲ್ಲೇ ಕೊಡುವುದು. ಪ್ಲಾಸ್ಟಿಕ್ ನಿಷೇಧವಾಗಿ ವರ್ಷಗಳಾದರೂ ಈ ಕರಿ ಕವರು ಎಲ್ಲಿಂದಲೋ ಬರುತ್ತಲೇ ಇದೆ. ಒಂದು ಭಾನುವಾರ ಜನ ಕಡಿಮೆ ಇದ್ದಾಗ, ‘ಯಾಕೆ ಭಾಯ್, ಕರೀದೇ ಯಾಕೆ?’ ಅಂತ ಕೇಳಿದೆ. ಅವರು ಕೊರಡಿನ ಮೇಲಿದ್ದ ಎದೆಮೂಳೆಯಿಂದ ಕಣ್ಣು ತೆಗೆಯದೆ, ‘ಬಿಳೀದು ಕೊಟ್ರೆ ನೀವೇ ಬೇಡ ಅಂತೀರಲ್ಲ ಮೇಷ್ಟ್ರೇ’ ಅಂದರು.

ನಿಜ, ಅಂದಿದ್ದೆ. ಅಂಗಡಿಯಿಂದ ನಮ್ಮ ಮನೆಗೆ ಇನ್ನೂರು ಹೆಜ್ಜೆ. ನಡುವೆ ಒಂದು ಗಣಪತಿ ಗುಡಿ, ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿರುವ ಎದುರು ಮನೆಯವರು. ಯಾರೂ ನನಗೆ ಯಾವತ್ತೂ ಒಂದು ಮಾತು ಅಂದವರಲ್ಲ. ಆದರೂ ಆ ಇನ್ನೂರು ಹೆಜ್ಜೆ ನಾನು ಸ್ವಲ್ಪ ಬೇಗಬೇಗ ನಡೆಯುತ್ತೇನೆ. ಈ ರಾಜ್ಯದಲ್ಲಿ ಮಾಂಸ ತಿನ್ನುವವರು ತಿನ್ನದವರಿಗಿಂತ ಎಷ್ಟೋ ಪಾಲು ಹೆಚ್ಚು. ಹಾಗಿದ್ದೂ ಕದ್ದ ಮಾಲು ಒಯ್ಯುವವರಂತೆ ಮನೆ ಸೇರುತ್ತೇವೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆಯುವ ಮುಂಚೆ ಹೊರಬಿದ್ದ ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವೂ ಇತ್ತು. ಬಾಡೂಟ ಬೇಕೆಂದು ನಮ್ಮ ಜಿಲ್ಲೆಯ ಜನ ಜೋರಾಗಿಯೇ ಕೇಳಿದರು. ಕೇಳಿದ್ದು ಸರಿಯಾಗಿತ್ತು. ಆದರೆ ಅಷ್ಟೂ ಚರ್ಚೆಯಲ್ಲಿ ತಿನ್ನುವವರ ಹಕ್ಕು, ತಿನ್ನದವರ ಮುಜುಗರ ಇವೆರಡೇ ಇದ್ದವು. ಕೊರಡಿನ ಆಚೆ ಮಚ್ಚು ಹಿಡಿದು ನಿಂತವನ ಮಾತು ಯಾರಿಗೂ ನೆನಪಾಗಲಿಲ್ಲ.

ಅವನಿಗೆ ನಮ್ಮ ಭಾಷೆ ಇಟ್ಟಿರುವ ಹೆಸರನ್ನೇ ನೋಡಿ. ಕಟುಕ. ಅದು ಕಸುಬಿನ ಹೆಸರು, ಆದರೆ ನಾವು ಕಸುಬಿಗಿಂತ ಬೈಗುಳಕ್ಕೇ ಅದನ್ನು ಹೆಚ್ಚು ಬಳಸಿದ್ದೇವೆ. ಹೆಂಡತಿಯನ್ನು ಹೊಡೆಯುವವನು ಕಟುಕ, ಸಾಲಕ್ಕೆ ಬಂದು ಪಾತ್ರೆ ಹೊತ್ತುಕೊಂಡು ಹೋಗುವವನು ಕಟುಕ. ಮಗಳನ್ನು ಕೆಟ್ಟ ಮನೆಗೆ ಕೊಟ್ಟರೆ ಕಟುಕರ ಕೈಗೆ ಕೊಟ್ಟ ಹಾಗೆ. ಕುರಿ ಕಟುಕನನ್ನೇ ನಂಬುತ್ತದೆ ಅನ್ನುವ ಗಾದೆಯಲ್ಲಿ ಕುರಿ ಪೆದ್ದು, ಕಟುಕ ನಂಬಿಕೆದ್ರೋಹಿ. ಮೂರನೆಯವನೊಬ್ಬ ಆ ಗಾದೆಯಿಂದ ಕಾಣೆಯಾಗಿದ್ದಾನೆ: ಒಲೆಯ ಮುಂದೆ ಮುದ್ದೆ ಇಟ್ಟುಕೊಂಡು ಸಾರು ಬೇಯುವುದನ್ನೇ ಕಾಯುತ್ತಿರುವವನು. ಅವನಿಗಾಗಿಯೇ ಕುರಿ ಸತ್ತಿದ್ದು. (ತಿನ್ನುವ ಜಾತಿಯವರನ್ನು ತಿನ್ನದ ಜಾತಿಯವರು ಹಳಿಯುವ ಮಾತುಗಳು ಬೇಕಾದಷ್ಟಿವೆ, ಅದು ಬೇರೆಯದೇ ಕಥೆ. ನಾನು ಹೇಳುತ್ತಿರುವುದು ತಿನ್ನುವ ನಾವೇ ಈ ಮಾತನ್ನು ಆರಾಮಾಗಿ ಬಳಸುವ ಬಗ್ಗೆ.)

ನಮ್ಮೂರು ಮಳವಳ್ಳಿ ತಾಲ್ಲೂಕಿನದು, ಬಂಡೂರಿಗೆ ಹತ್ತಿರ. ಬಂಡೂರು ಕುರಿಯ ರುಚಿ ಕಂಡವರಿಗೆ ವಿವರಿಸಬೇಕಾಗಿಲ್ಲ. ಗಿಡ್ಡ ಕಾಲು, ಅಗಲ ಬೆನ್ನು. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಸೇರಿಕೊಂಡಿರುವುದರಿಂದ ಬೆಂದರೆ ಬೆಣ್ಣೆ. ಯುಗಾದಿ ಮುಗಿದ ಮರುದಿನ, ಹೊಸತೊಡಕಿಗೆ, ನಮ್ಮಲ್ಲಿ ಗುಡ್ಡೆ ಬಾಡು ಹಾಕುತ್ತಿದ್ದರು. ಹತ್ತು ಹದಿನೈದು ಮನೆಯವರು ವಾರಗಟ್ಟಲೆ ಮುಂಚೆಯೇ ಚೀಟಿ ಕಟ್ಟಿ ಕುರಿ ತರುತ್ತಿದ್ದರು. ಬೆಳಗಿನ ಜಾವ ಹೊಂಗೆಮರದ ಕೆಳಗೆ ಕೊಯ್ದು, ಹಾಸಿದ ಎಲೆಗಳ ಮೇಲೆ ಮನೆಗೊಂದು ಗುಡ್ಡೆ ಹಾಕುವುದು. ಒಂದೊಂದು ಗುಡ್ಡೆಗೂ ತೊಡೆಯ ಚೂರು, ಎದೆಮೂಳೆ, ಒಂದು ತುಂಡು ಈಲಿ, ಸ್ವಲ್ಪ ಬೋಟಿ, ಸ್ವಲ್ಪ ಕೊಬ್ಬು. ಕಣ್ಣಳತೆಯಲ್ಲಿ ಸಮ ಮಾಡಲು ಒಬ್ಬ ಹಿರಿಯರು. ಆಮೇಲೂ ತಕರಾರು ಬೇಡವೆಂದು ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ‘ಇದು ಯಾರಿಗೆ?’ ಎಂದು ಕೇಳುವರು. ಹುಡುಗ ಯಾವ ಹೆಸರು ಹೇಳಿದರೆ ಅವರಿಗೆ ಆ ಗುಡ್ಡೆ. ಎಷ್ಟೋ ವರ್ಷ ಆ ಹುಡುಗ ನಾನಾಗಿದ್ದೆ. ಬರೀ ತೊಡೆ ಬೇಕು, ಮೂಳೆ ಬೇಡ ಅನ್ನುವ ಮಾತೇ ಅಲ್ಲಿ ಹುಟ್ಟುತ್ತಿರಲಿಲ್ಲ. ಕುರಿಯಲ್ಲಿ ಏನಿದೆಯೋ ಅದಷ್ಟೂ ಎಲ್ಲರದು.

ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ, ಅದಕ್ಕೇ ಉಳಿದಿದ್ದನ್ನೂ ಹೇಳಬೇಕು. ಆ ಗುಡ್ಡೆಗಳಲ್ಲಿ ಕೇರಿಯವರ ಗುಡ್ಡೆ ಇರಲಿಲ್ಲ. ಸುಲಿಯುವುದಕ್ಕೆ ಸಹಾಯ ಮಾಡಿದವನಿಗೆ ಕರುಳೋ ಕಾಲೋ ಕೂಲಿಯಾಗಿ ಸಿಗುತ್ತಿತ್ತು, ಅದನ್ನು ಅವನು ದೂರ ನಿಂತು ತೆಗೆದುಕೊಳ್ಳುತ್ತಿದ್ದ. ಕುತ್ತಿಗೆಗೆ ಕತ್ತಿ ಇಡುವುದಕ್ಕೆ ಪಕ್ಕದೂರಿನ ಸಾಬರು ಬರುತ್ತಿದ್ದರು. ‘ಅವರು ಮಂತ್ರ ಹೇಳಿ ಕೊಯ್ತಾರೆ, ನಮಗೆ ಪಾಪ ಬರಲ್ಲ’ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಮಂತ್ರ ಅಲ್ಲಾನ ಹೆಸರು ಎಂಬುದು ಅಜ್ಜಿಗೆ ಗೊತ್ತಿತ್ತು. ಪಾಪ ಬಾರದಂತೆ ನೋಡಿಕೊಳ್ಳುವ ದೇವರು ಯಾರಾದರೇನು ಅನ್ನುವ ಉದಾರತೆ ಅವಳದು. ಆದರೆ ಆ ಉದಾರತೆಯ ಒಳಗೇ ಒಂದು ಜಾಣತನ ಇತ್ತು ಅಂತ ನನಗೆ ಹೊಳೆದದ್ದು ತೀರಾ ಈಚೆಗೆ. ರುಚಿ ನಮಗೆ, ಕತ್ತಿ ಅವರಿಗೆ.

ಒಂದು ವರ್ಷ ಮಾರಮ್ಮನ ಹರಕೆಗೆಂದು ಮನೆಯಲ್ಲೇ ಮರಿ ಸಾಕಿದ್ದರು. ಅದಕ್ಕೆ ಹೆಸರಿಡಲು ಅಪ್ಪ ಬಿಡಲಿಲ್ಲ. ಹೆಸರಿಲ್ಲದ ಅದು ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಹಬ್ಬದ ದಿನ ಮಧ್ಯಾಹ್ನ ನಾನು ಎಲೆಯ ಮುಂದೆ ಕೂರಲಿಲ್ಲ, ಅತ್ತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಸಿವು ತಡೆಯಲಾರದೆ ಅಡುಗೆಮನೆಗೆ ಹೋಗಿ, ಕತ್ತಲಲ್ಲೇ ತಪ್ಪಲೆಗೆ ಕೈ ಹಾಕಿ ತಿಂದೆ. ತುಂಬಾ ಚೆನ್ನಾಗಿತ್ತು. ಅದು ಚೆನ್ನಾಗಿತ್ತು ಅನ್ನುವುದನ್ನು ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಹೇಳಿಸಿದ್ದು ಮಗಳು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವಳು ಕೆಲವು ವರ್ಷಗಳಿಂದ ಮಾಂಸ ಬಿಟ್ಟಿದ್ದಾಳೆ. ಜಾತಿ, ದೇವರು, ವ್ರತ ಯಾವುದೂ ಕಾರಣವಲ್ಲ. ‘ಅದಕ್ಕೆ ನೋವಾಗುತ್ತೆ, ನನಗೆ ಬೇರೆ ಊಟ ಇದೆ, ಅಷ್ಟೇ ಅಪ್ಪ’ ಅನ್ನುತ್ತಾಳೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಸುಮ್ಮನೆ ಸೋಲುವವನಲ್ಲ. ಗಿಡಕ್ಕೂ ಜೀವವಿದೆ ಅಂದೆ. ‘ಬೆಂಡೆಕಾಯಿ ಕೊಯ್ಯೋವಾಗ ನೀನು ಯಾವತ್ತಾದ್ರೂ ಅತ್ತಿದ್ದೀಯಾ?’ ಅಂದಳು. ಪೌಷ್ಟಿಕತೆ ಅಂದೆ. ಅಲ್ಲಿ ನನ್ನ ಕಾಲಿನ ಕೆಳಗೆ ಸ್ವಲ್ಪ ನೆಲವಿತ್ತು. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರುವ ಮಕ್ಕಳನ್ನು ನಾನು ಕಣ್ಣಾರೆ ಕಂಡವನು. ಅವರ ತಟ್ಟೆಗೆ ಒಂದು ಮೊಟ್ಟೆ ಬರುವುದಕ್ಕೆ ಎಷ್ಟು ವರ್ಷ ಎಷ್ಟು ಜಗಳ ಬೇಕಾಯಿತು. ಅವಳು ಒಪ್ಪಿದಳು. ಒಪ್ಪಿಕೊಂಡೇ ಕೇಳಿದಳು, ‘ಆ ಮಕ್ಕಳ ಮಾತು ಸರಿ. ಪಿಂಚಣಿ ಬರೋ, ಕೊಲೆಸ್ಟರಾಲ್ ಮಾತ್ರೆ ನುಂಗೋ ನಿನಗೆ ಯಾಕೆ ಬೇಕು?’

ರುಚಿಗೆ. ಬೇರೆ ಉತ್ತರವಿಲ್ಲ. ಹುರಿದ ಕೊತ್ತಂಬರಿ ಬೀಜ, ಚಕ್ಕೆ, ಲವಂಗ ಅರೆದು ಹಾಕಿದ ಸಾರು ಕುದಿಯುವಾಗ ಇಡೀ ಮನೆ ಭಾನುವಾರವಾಗುತ್ತದೆ. ನನ್ನ ಅಮ್ಮ, ಅಜ್ಜಿ, ಆ ಹೊಂಗೆಮರ ಎಲ್ಲ ಆ ವಾಸನೆಯಲ್ಲಿವೆ. ಆದರೆ ಇಷ್ಟೆಲ್ಲ ಸೇರಿಸಿದರೂ ಒಂದು ಜೀವದ ಬೆಲೆಗೆ ಸರಿದೂಗುತ್ತದೆಯೇ ಎಂದು ಅವಳು ಕೇಳಿದರೆ, ಇಲ್ಲ, ಅವಳದೇ ಸರಿ. ಅವಳದೇ ಸರಿ ಅಂತ ಗೊತ್ತಿದ್ದೂ ನಾನು ತಿನ್ನುತ್ತೇನೆ. ಇದರಿಂದ ಹೊರಗೆ ಬರುವ ದಾರಿಯನ್ನು ಹುಡುಕಲು ನಾನಿಲ್ಲಿ ಕೂತಿಲ್ಲ. ಬಿಡಲಾರದವನು ತಿನ್ನುತ್ತಲೇ ಯಾರಿಗೆ ಏನು ಸಲ್ಲಿಸಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಕುರಿಗಂತೂ ಏನೂ ಸಲ್ಲಿಸಲಾಗದು. ಉಳಿಯುವವರು ಭಾಯ್.

ಮಹಾಭಾರತದ ಅರಣ್ಯಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ಕೌಶಿಕನೆಂಬ ತಪಸ್ವಿ ಕೋಪದ ಕಣ್ಣಿನಿಂದಲೇ ಒಂದು ಹಕ್ಕಿಯನ್ನು ಕೊಂದು, ಆಮೇಲೆ ಒಬ್ಬ ಗೃಹಿಣಿಯಿಂದ ಬುದ್ಧಿ ಹೇಳಿಸಿಕೊಂಡು, ಧರ್ಮ ಕಲಿಯಲು ಮಿಥಿಲೆಯ ಮಾಂಸದ ಅಂಗಡಿಗೆ ಹೋಗುತ್ತಾನೆ. ಮಾಂಸ ಮಾರುವವನೇ ಗುರುವಾಗುವ ಈ ಕಥೆಯನ್ನು ನಾನು ತರಗತಿಯಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಉಳುವವನ ನೇಗಿಲ ಕೆಳಗೂ ಜೀವ ಸಾಯುತ್ತದೆ, ನಡೆಯುವವನ ಕಾಲ ಕೆಳಗೂ ಸಾಯುತ್ತದೆ, ಹಿಂಸೆಯೇ ಇಲ್ಲದ ಬದುಕು ಯಾರದು ಎಂದು ವ್ಯಾಧ ಕೇಳುವಾಗ ಮಕ್ಕಳು ಕಣ್ಣರಳಿಸುತ್ತಿದ್ದರು. ಈಗ ಮತ್ತೆ ಓದಿದರೆ ಬೇರೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಕೌಶಿಕ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ಓರೆಯಾಗಿ ಮರೆಯಲ್ಲಿ ನಿಲ್ಲುತ್ತಾನೆ. ಇದು ನಿಮಗೆ ತಕ್ಕ ಜಾಗವಲ್ಲ ಎಂದು ವ್ಯಾಧನೇ ಅವನನ್ನು ಮನೆಗೆ ಕರೆದೊಯ್ಯುತ್ತಾನೆ. ಇನ್ನೊಂದು, ತಾನು ಕೊಲ್ಲುವವನಲ್ಲ, ಬೇರೆಯವರು ಕೊಂದದ್ದನ್ನು ಮಾರುವವನು, ತಾನು ತಿನ್ನುವವನೂ ಅಲ್ಲ ಎಂದು ವ್ಯಾಧ ಹೇಳಿಕೊಳ್ಳುತ್ತಾನೆ. ಅಂದರೆ ಅವನನ್ನು ಗುರುವಾಗಿಸಲು ಕಥೆ ಮೊದಲು ಅವನ ಕೈ ತೊಳೆದಿದೆ. ಹಾಗಾದರೆ ಮಿಥಿಲೆಯಲ್ಲಿ ಕೊಂದವನು ಯಾರು, ಅವನ ಧರ್ಮ ಏನು? ಅಷ್ಟು ದೊಡ್ಡ ಕಥೆಗೂ ಅಲ್ಲಿಯವರೆಗೆ ಹೋಗುವ ಧೈರ್ಯ ಸಾಲಲಿಲ್ಲ ಅನ್ನಿಸುತ್ತದೆ.

ಕಥೆಯ ಧೈರ್ಯದ ಮಾತಾಡುವ ಯೋಗ್ಯತೆ ನನಗೂ ಇಲ್ಲ. 2022ರ ಯುಗಾದಿ ಏಪ್ರಿಲ್ 2, ಶನಿವಾರ ಬಂದಿತ್ತು, ಹೊಸತೊಡಕು ಭಾನುವಾರ. ಅದಕ್ಕೂ ಮುಂಚಿನ ದಿನಗಳಲ್ಲಿ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದಲ್ಲೆಲ್ಲ ಜೋರಾಗಿ ನಡೆದದ್ದು ನಿಮಗೆ ನೆನಪಿರಬಹುದು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲೂ ಬಂತು. ನಾನು ಓದಿ ಸುಮ್ಮನಿದ್ದೆ. ನಮ್ಮೂರಲ್ಲಿ ತಲೆಮಾರುಗಳಿಂದ ಇದೇ ನಡೆಯುತ್ತಿತ್ತು, ಮಾರಮ್ಮ ಯಾವತ್ತೂ ಬೇಡ ಅಂದಿರಲಿಲ್ಲ ಎಂದು ಎರಡು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಹಬ್ಬಕ್ಕೆ ಬಂದಿದ್ದ ನನ್ನ ಭಾವಮೈದ, ‘ಈ ಸಲ ಬೇರೆ ಕಡೆ ತರೋಣ ಭಾವ, ಸುಮ್ನೆ ಯಾಕೆ ಮಾತು?’ ಅಂದ. ನಾನು ಸ್ಕೂಟರ್ ತೆಗೆದು, ಭಾಯ್ ಅಂಗಡಿಯ ಮುಂದೆ ಹಾಯದ ಹಿಂದಿನ ರಸ್ತೆಯಲ್ಲಿ ಹೋಗಿ, ಬೈಪಾಸಿನ ಹತ್ತಿರ ಆ ದಿನಕ್ಕೆಂದೇ ತೆರೆದಿದ್ದ ಅಂಗಡಿಯಿಂದ ಎರಡು ಕೇಜಿ ತಂದೆ. ಇಪ್ಪತ್ತು ವರ್ಷದಲ್ಲಿ ಅದೊಂದೇ ಹೊಸತೊಡಕು ನಾನು ಭಾಯ್ ಹತ್ತಿರ ಹೋಗದೆ ಇದ್ದದ್ದು.

ಮುಂದಿನ ಭಾನುವಾರ ಹೋದೆ. ಅವರು ಎಂದಿನಂತೆ ತೊಡೆ ಇಳಿಸಿ, ‘ಹೋದ ವಾರ ಊರಿಗೆ ಹೋಗಿದ್ರಾ ಮೇಷ್ಟ್ರೇ?’ ಅಂದರು. ನಾನು ‘ಹೂಂ’ ಅಂದೆ.

ಗಾಂಧೀಜಿ ಹುಡುಗನಾಗಿದ್ದಾಗ ಗೆಳೆಯನ ಮಾತು ಕೇಳಿ ಕದ್ದು ಮಾಂಸ ತಿಂದದ್ದು, ಮೊದಲ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾದದ್ದು ಎಲ್ಲರಿಗೂ ಗೊತ್ತು. ಆಮೇಲೆ ಅವರಿಗೆ ಅದು ರುಚಿಸತೊಡಗಿತ್ತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಆಗ ಅವರು ಬಿಟ್ಟದ್ದು ಆಡಿನ ಮೇಲಿನ ಮರುಕಕ್ಕಲ್ಲ, ತಂದೆತಾಯಿಗೆ ಸುಳ್ಳು ಹೇಳಲಾರದೆ. ಮನಸ್ಸಾರೆ ಸಸ್ಯಾಹಾರಿಯಾದದ್ದು ಮುಂದೆ ಲಂಡನ್ನಿನಲ್ಲಿ. ನಮ್ಮ ನಗರಗಳಲ್ಲಿ ಅವರ ಜಯಂತಿಯ ದಿನ ಮಾಂಸ ಮಾರುವಂತಿಲ್ಲ, ಹಾಗಾಗಿ ಅಕ್ಟೋಬರ್ 1ರ ಸಂಜೆ ಅಂಗಡಿಗಳ ಮುಂದೆ ಸಾಲು ಉದ್ದವಾಗುತ್ತದೆ. ಅವರನ್ನು ಕಾಡಿದ ಸುಳ್ಳಿಗೂ ಫ್ರಿಜ್ಜಿನಲ್ಲಿ ತುಂಬಿಡುವ ನಮ್ಮ ಗೌರವಕ್ಕೂ ಏನು ಸಂಬಂಧ ಅಂತ ಆ ಸಾಲಿನಲ್ಲಿ ನಿಂತು ಯೋಚಿಸಿದ್ದೇನೆ.

ಒಂದು ದಿನ ಮಗಳು ಫೋನಿನಲ್ಲಿ, ‘ಕೊಯ್ಯೋದನ್ನ ದೊಡ್ಡವನಾದ ಮೇಲೆ ಯಾವತ್ತಾದ್ರೂ ನೋಡಿದ್ದೀಯಾ?’ ಅಂದಳು. ನೋಡಿರಲಿಲ್ಲ. ಭಾಯ್‌ಗೆ ಹೇಳಿದೆ. ಅವರಿಗೆ ಇದು ವಿಚಿತ್ರವಾಗಿ ಕಂಡಿರಬೇಕು, ಆದರೂ ‘ಐದು ಗಂಟೆಗೆ ಬನ್ನಿ’ ಅಂದರು. ಅಂಗಡಿಯ ಹಿಂದೆ ತಗಡು ಕಟ್ಟಿದ ಜಾಗ. ಪುರಸಭೆಯ ಕಸಾಯಿಖಾನೆಯಲ್ಲಿ ಕೊಯ್ಯಬೇಕೆಂಬ ನಿಯಮ ಅವರಿಗೂ ಗೊತ್ತು, ನನಗೂ ಗೊತ್ತು. ಮೂರು ಕುರಿಗಳಿದ್ದವು. ಒಂದಕ್ಕೆ ನೀರು ತೋರಿಸಿ ಮರೆಗೆ ಕರೆದುಕೊಂಡು ಬಂದರು. ಕತ್ತಿಯನ್ನು ಅದರ ಕಣ್ಣೆದುರು ಮಸೆಯಬಾರದು, ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದು ಅನ್ನುವುದು ಅವರ ಧರ್ಮದ ಕಟ್ಟಳೆ. ತಗಡಿನ ಸಂದಿಯಲ್ಲಿ ಉಳಿದ ಎರಡು ಈ ಕಡೆಗೇ ನೋಡುತ್ತಿದ್ದವೋ ಏನೋ, ನನಗೆ ಹಾಗನ್ನಿಸಿತು. ಮಲಗಿಸಿ, ಅಲ್ಲಾನ ಹೆಸರು ಹೇಳಿ, ಕತ್ತಿ ಎಳೆದರು. ನಾನಂದುಕೊಂಡದ್ದಕ್ಕಿಂತ ಬೇಗ ಆಯಿತು; ನಿಶ್ಚಲವಾಗಲು ಮಾತ್ರ ನಾನಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಭಾಯ್ ಅದರ ಮೈಮೇಲೆ ಒಂದು ಕೈ ಇಟ್ಟುಕೊಂಡಿದ್ದರು. ಅದು ಕರುಣೆಯೋ, ಒದೆಯದಿರಲೆಂಬ ಅಭ್ಯಾಸವೋ ನಾನು ಕೇಳಲಿಲ್ಲ.

ಅವರು ಸುಲಿಯುತ್ತಿರುವಾಗ ನನಗೆ ತಡೆಯಲಾಗಲಿಲ್ಲ. ‘ಭಾಯ್, ಆವತ್ತು ಹೊಸತೊಡಕಿಗೆ ನಾನು ಊರಿಗೆ ಹೋಗಿರಲಿಲ್ಲ’ ಅಂದೆ.

‘ಗೊತ್ತು ಮೇಷ್ಟ್ರೇ. ಬೈಪಾಸ್ ಅಂಗಡಿಯವನೂ ನಾನೂ ಒಂದೇ ಗಾಡೀಲಿ ಸಂತೆಯಿಂದ ಕುರಿ ತಂದಿದ್ವಿ. ನೀವು ಬಂದಿದ್ರಿ ಅಂತ ಅವನೇ ಹೇಳ್ದ.’ ಆಮೇಲೆ ಚರ್ಮವನ್ನು ಪಕ್ಕಕ್ಕೆ ಎಸೆದು, ‘ಮುಂಚೆ ಇದಕ್ಕೆ ಒಳ್ಳೆ ರೇಟ್ ಸಿಗ್ತಿತ್ತು. ಈಗ ಕೇಳೋರೇ ಇಲ್ಲ, ತಗೊಂಡು ಹೋದ್ರೆ ಸಾಕಾಗಿದೆ’ ಅಂದರು. ಕ್ಷಮೆಯ ಮಾತು ಅಲ್ಲಿಗೇ ಮುಗಿಯಿತು. ಆ ದಿನ ನಾನು ಮಾಂಸ ತರಲಿಲ್ಲ. ಮುಂದಿನ ಭಾನುವಾರ ತಂದೆ.

ಈಗ ನಮ್ಮ ಊರಿಗೂ ಮಾಂಸ ತರುವ ಆ್ಯಪ್‌ಗಳು ಬಂದಿವೆ. ಪೊಟ್ಟಣ ಅಚ್ಚುಕಟ್ಟು, ತಣ್ಣಗಿರುತ್ತದೆ, ತೂಕ ಸರಿಯಿರುತ್ತದೆ, ನೊಣ ಕೂತಿರುವುದಿಲ್ಲ. ಭಾಯ್ ಅಂಗಡಿಯ ಮುಂದಿನ ಚರಂಡಿ ನೋಡಿದವರು ಯಾರೂ ಸ್ವಚ್ಛತೆಯ ಹೆಸರಲ್ಲಿ ಅವರ ಪರ ವಾದ ಮಾಡಲಾರರು, ನಾನೂ ಮಾಡುವುದಿಲ್ಲ. ಆದರೆ ಆ ಪೊಟ್ಟಣ ನನಗೆ ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸುತ್ತದೆ. 13ನೇ ಶತಮಾನದ ಆ ಕಾವ್ಯದಲ್ಲಿ ರಾಜ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ಅವನೂ ಅವನ ತಾಯಿಯೂ ಪ್ರಾಣಿಗಳಾಗಿ ಹುಟ್ಟಿಹುಟ್ಟಿ ಸಾಯಬೇಕಾಗುತ್ತದೆ. ಅಲ್ಲಿ ಕೊಲ್ಲುವ ಮನಸ್ಸಿತ್ತು, ಕೋಳಿ ಇರಲಿಲ್ಲ. ಫೋನಿನಲ್ಲಿ ಬೆರಳೊತ್ತುವ ನಮ್ಮಲ್ಲಿ ಕೋಳಿ ಇದೆ, ಮನಸ್ಸೇ ಇಲ್ಲ. ಜನ್ನನ ಲೆಕ್ಕದಲ್ಲಿ ನಮಗೆ ಏನಾಗಬೇಕೋ.

ಇಷ್ಟು ಹೇಳಿ ಭಾಯ್ ಅಂಗಡಿಯನ್ನು ಗುಡಿ ಮಾಡಿಬಿಡುವುದು ಸುಲಭ. ಅವರ ತಮ್ಮ ಪಕ್ಕದಲ್ಲೇ ಕೋಳಿ ಮಾರುತ್ತಾನೆ. ಕಂಪನಿ ಮರಿ ಕೊಟ್ಟು, ಮೇವು ಕೊಟ್ಟು, ರೈತನ ಶೆಡ್ಡಿನಲ್ಲಿ ಆರು ವಾರ ಬೆಳೆಸಿ ಎರಡು ಕೇಜಿ ಮಾಡಿ ಒಯ್ಯುವ ಬ್ರಾಯ್ಲರ್ ಅದು. ಪಂಜರದಲ್ಲಿ ಒಂದರ ಮೇಲೊಂದು ಕೂತಿರುವ ಅವನ್ನು ನೋಡಿದರೆ ಆ್ಯಪಿಗೂ ಅಂಗಡಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ನಾನು ಕೋಳಿ ಕಡಿಮೆ ಮಾಡಿದ್ದು ಅದನ್ನು ನೋಡಿದ್ದರಿಂದಲೇ, ಕಾಣುವ ಹಾಗೆ ಇಟ್ಟಿದ್ದರಿಂದಲೇ. ಕುರಿಯ ವಿಷಯ ಬೇರೆ. ಸಂತೆಯಲ್ಲಿ ಯಾರಿಂದ ತಂದದ್ದು, ಹೊಲದಲ್ಲಿ ಮೇಯ್ದದ್ದೋ ಕಟ್ಟಿ ಮೇಯಿಸಿದ್ದೋ ಎಂದು ಕೇಳಿದರೆ ಭಾಯ್ ಹೇಳುತ್ತಾರೆ. ಇಪ್ಪತ್ತೈದು ಕೇಜಿಯ ಕುರಿಯಲ್ಲಿ ಮಾಂಸ ಅಂತ ಸಿಗುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದಕ್ಕೂ ಅವರು ಬೀದಿಯಲ್ಲೇ ಬಾಯಿ ಹುಡುಕಿದ್ದಾರೆ. ಕಾಲು ಮೂಳೆ ಮುರಿದುಕೊಂಡ ಅಜ್ಜಿಯ ಮನೆಗೆ, ತಲೆ ಆಟೋ ಸ್ಟ್ಯಾಂಡಿನವರಿಗೆ, ಬೋಟಿ ಕಟ್ಟಡದ ಕೆಲಸದವರಿಗೆ. ಕೇಜಿಗೆ ಎಂಟುನೂರರ ಹತ್ತಿರ ಹೋಗಿರುವ ಈ ಕಾಲದಲ್ಲೂ ‘ನೂರು ರೂಪಾಯಿಗೆ ಹಾಕು ಭಾಯ್’ ಎಂದು ಕೇಳುವ ಹೆಂಗಸರು ಬರುತ್ತಾರೆ. ಅವರು ತೂಗುವುದಿಲ್ಲ, ಒಂದು ಹಿಡಿ ಹಾಕಿ, ಮೇಲೆ ಒಂದು ಮೂಳೆ, ಚೂರು ಕೊಬ್ಬು ಹಾಕುತ್ತಾರೆ. ಕೆಲವರದ್ದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಮ್ಮೂರ ಗುಡ್ಡೆಯಲ್ಲಿ ಪಾಲು ಸಿಗದಿದ್ದವರ ಮಕ್ಕಳು ಮೊಮ್ಮಕ್ಕಳೂ ಆ ಸಾಲಿನಲ್ಲಿ ಇರಬಹುದು. ನೂರು ರೂಪಾಯಿಯ ಬಾಡು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ.

ಭಾಯ್ ಮಗ ಈ ಕಸುಬಿಗೆ ಬಂದಿಲ್ಲ. ಡಿಗ್ರಿ ಮುಗಿಸಿ, ಹೆಲ್ಮೆಟ್ ಹಾಕಿಕೊಂಡು ಮನೆಮನೆಗೆ ಪೊಟ್ಟಣ ಮುಟ್ಟಿಸುವ ಕೆಲಸ ಮಾಡುತ್ತಿದ್ದಾನೆ. ‘ಮದುವೆಗೆ ಹೆಣ್ಣು ಕೇಳೋಕೆ ಹೋದ್ರೆ ಕಟ್ ಮಾಡೋರು ಬೇಡ ಅಂತಾರೆ ಮೇಷ್ಟ್ರೇ, ನಮ್ಮೋರೇ’ ಅಂದರು ಭಾಯ್ ಒಂದು ಸಲ. ಇನ್ನು ಹತ್ತು ವರ್ಷಕ್ಕೆ ಆ ಹುಣಸೆ ಕೊರಡು ಅಲ್ಲಿರುತ್ತದೋ ಇಲ್ಲವೋ.

ಹೋದ ಹೊಸತೊಡಕಿಗೆ ಮಗಳು ಬಂದಿದ್ದಳು. ‘ನಾನೂ ಬರ್ತೀನಿ’ ಅಂತ ನನ್ನ ಜೊತೆ ಬೆಳಗಿನ ಆರಕ್ಕೇ ಸಾಲಿನಲ್ಲಿ ನಿಂತಳು. ಕರಿ ಕವರು ಬೇಡವೆಂದು ಮನೆಯಿಂದ ಸ್ಟೀಲ್ ಡಬ್ಬಿಯನ್ನೂ ಅವಳೇ ತಂದಿದ್ದಳು. ನಮ್ಮ ಸರದಿ ಬಂದಾಗ ಭಾಯ್ ಅವಳನ್ನು ನೋಡಿ, ‘ಏನಮ್ಮ, ತಿನ್ನಲ್ಲ ಅಂತ ಹೇಳ್ತಿದ್ರು ಅಪ್ಪಾಜಿ?’ ಅಂದರು. ‘ಇಲ್ಲ ಭಾಯ್, ಸುಮ್ನೆ ಬಂದೆ’ ಅಂದಳು. ಅವರು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೀರಿದೆಯೇ ನೋಡಿ, ಬಟ್ಟೆಯಲ್ಲಿ ಒರೆಸಿ, ತೂಗಿದ್ದನ್ನು ಹಾಕಿಕೊಟ್ಟರು.

ಬರುವಾಗ ಎದುರು ಮನೆಯವರು ಜಗಲಿಯ ಮೇಲೆ ಪೇಪರ್ ಇಳಿಸಿ, ‘ಏನ್ ಮೇಷ್ಟ್ರೇ, ಇಷ್ಟು ಹೊತ್ತಿಗೇ ಡಬ್ಬಿ ಹಿಡ್ಕೊಂಡು?’ ಅಂದರು. ಹಾಲು ಅಂದುಬಿಡೋಣ ಅನ್ನಿಸಿತು ನನಗೆ, ಬಾಯಿಗೂ ಬಂದಿತ್ತು.

‘ಬಾಡು ಅಂಕಲ್, ಹೊಸತೊಡಕಲ್ವಾ’ ಅಂದಳು ಮಗಳು.